ಅಕ್ಕಿ ಗಿರಣಿಯ ಸಾಹುಕಾರರು ಚಿತ್ರ ಕೊಳ್ಳಲು ಕಲಿತದ್ದು

ಬಳ್ಳಾರಿಯಲ್ಲಿ ನನ್ನದು ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ. ಅಪ್ಪ ಶುರು ಮಾಡಿದ್ದು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಗಾಜು ಕೊಯ್ಯುವುದು ನನಗೆ ಲಂಗ ತೊಡುವ ವಯಸ್ಸಿಗೇ ಬರುತ್ತಿತ್ತು. ಹಾಗಾಗಿ ಅವರು ತೀರಿಕೊಂಡ ಮೇಲೆ ಅಂಗಡಿ ನನ್ನ ಕೈಗೆ ಬಂತು. ಜನ ತರುವುದು ದೇವರ ಪಟ, ಮದುವೆಯ ಫೋಟೊ, ಹೋದವರ ಫೋಟೊ, ಮಕ್ಕಳ ಸರ್ಟಿಫಿಕೇಟು. ಕೈಯಲ್ಲಿ ಬರೆದ ಚಿತ್ರ ವರ್ಷಕ್ಕೆ ಹತ್ತು ಬಂದರೆ ಹೆಚ್ಚು. ಗಣಿಯ ದುಡ್ಡು ಊರಲ್ಲಿ ಓಡಾಡುತ್ತಿದ್ದ ಕಾಲಕ್ಕೆ ಅದು ಮೂವತ್ತು ನಲವತ್ತಕ್ಕೆ ಏರಿತ್ತು, ಆಮೇಲೆ ಇಳಿಯಿತು. ಚಿತ್ರದ ಬೆಲೆ ಏನು, ಅದು ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ ಎಂದು ನಾನು ಯಾವತ್ತೂ ಕೇಳಿದವಳಲ್ಲ. ಅಳತೆ ತಗೊಂಡು, ಪಟ್ಟಿ ಕೊಯ್ದು, ಮೊಳೆ ಹೊಡೆದು ಕೊಡುತ್ತಿದ್ದೆ.

ಸಿರುಗುಪ್ಪದ ಸಾಹುಕಾರರು ಮೊದಲ ಸಲ ಅಂಗಡಿಗೆ ಬಂದಾಗ ಅವರ ಕೈಯಲ್ಲಿ ಒಂದು ಚೀಟಿ ಮಾತ್ರ ಇತ್ತು. ಅದರಲ್ಲಿ ಅವರ ಹೊಸ ಮನೆಯ ಹಜಾರದ ಗೋಡೆಯ ಅಳತೆ ಬರೆದಿತ್ತು. ಐವತ್ತು ದಾಟಿದ ಗಿಡ್ಡನೆಯ ಮನುಷ್ಯ. ಹಣೆಯಲ್ಲಿ ವಿಭೂತಿ, ಬಿಳಿ ಅಂಗಿ, ಭುಜದ ಮೇಲೆ ಸಣ್ಣಗೆ ತೌಡಿನ ಧೂಳು. ಸಿರುಗುಪ್ಪದಲ್ಲಿ ಅವರದು ಅಕ್ಕಿ ಗಿರಣಿ. ಸೈಟು ಕೊಂಡಿದ್ದರು, ಬಂಗಾರ ಕೊಂಡಿದ್ದರು. ಯಾವುದೋ ಮದುವೆಯಲ್ಲಿ ಯಾರೋ ಚಿತ್ರದ ಮೇಲೂ ದುಡ್ಡು ಹಾಕಬಹುದು ಎಂದು ಅವರ ಕಿವಿಯಲ್ಲಿ ಊದಿದ್ದರು.

"ಅಕ್ಕಾರ, ಚಿತ್ರಕ್ಕೂ ಸೈಟಿನಂಗ ರೇಟ್ ಏರ್ತೈತಂತ. ಖರೇನ?" ಎಂದು ಕೇಳಿದರು.

"ನನಗ ಗೊತ್ತಿಲ್ರಿ ಸಾವ್ಕಾರ್ರ. ನಾನು ಕಟ್ಟು ಹಾಕಾಕಿ."

"ಇಷ್ಟು ವರ್ಷ ಎಷ್ಟು ಚಿತ್ರ ನಿಮ್ಮ ಕೈಯಾಗ ಹಾದು ಹೋಗ್ಯಾವು. ಒಂದರೆ ನಿಮಗಂತ ಇಟ್ಕಂಡೀರೇನು?"

"ಇಲ್ರಿ," ಅಂದೆ. ಅದು ನಿಜವೇ ಆಗಿತ್ತು. ನನ್ನ ಮನೆ ಇರುವುದು ಸತ್ಯನಾರಾಯಣಪೇಟೆಯಲ್ಲಿ. ಆ ಮನೆಯ ಗೋಡೆಯ ಮೇಲೆ ಆಗ ಇದ್ದದ್ದು ಒಂದು ಕ್ಯಾಲೆಂಡರು ಮತ್ತು ಅಪ್ಪನ ಫೋಟೊ.

ಸಾಹುಕಾರರ ಹಜಾರದ ಗೋಡೆಗೆ ಚಿತ್ರ ಒದಗಿಸಿದವನು ಬೇರೆ. ಬಳ್ಳಾರಿಯಲ್ಲಿ ದೊಡ್ಡ ಮನೆಗಳಿಗೆ, ಹೋಟೆಲುಗಳಿಗೆ ಒಳಗಿನ ಅಲಂಕಾರ ಮಾಡಿಸಿಕೊಡುವ ಒಬ್ಬ ಡೆಕೊರೇಟರ್ ಇದ್ದ. ಪರದೆ, ದೀಪ, ಸೋಫಾ, ಗೋಡೆಗೆ ಚಿತ್ರ ಎಲ್ಲಾ ಅವನೇ ತರುತ್ತಿದ್ದ. ನನಗಿಂತ ಚಿಕ್ಕವನು, ಮಾತಿನಲ್ಲಿ ಚುರುಕು, ಅರ್ಧ ತೆಲುಗು ಅರ್ಧ ಕನ್ನಡ. ಅವನ ಕಟ್ಟುಗಳೆಲ್ಲ ನನ್ನ ಅಂಗಡಿಗೇ ಬರುತ್ತಿದ್ದವು. ನನ್ನ ಅಂಗಡಿಯ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಅವನೊಬ್ಬನಿಂದ ಬರುತ್ತಿತ್ತು ಎಂದರೆ ತಪ್ಪಾಗಲಾರದು. ಸಾಹುಕಾರರು ಅವನ ಹತ್ತಿರ ಒಂದು ದೊಡ್ಡ ತೈಲಚಿತ್ರ ಕೊಂಡರು. ಅರವತ್ತು ವರ್ಷ ಹಳೆಯದು, ಬರೆದ ಕಲಾವಿದರು ಈಗಿಲ್ಲ, ಐದು ವರ್ಷದಲ್ಲಿ ಎರಡರಷ್ಟಾಗುತ್ತದೆ ಎಂದು ಅವನು ಹೇಳಿದ್ದನಂತೆ. ಚಿತ್ರ ಕಟ್ಟು ಹಾಕಿಸಲೆಂದು ನನ್ನಲ್ಲಿಗೆ ಬಂತು.

ಮೂವರು ಹೆಂಗಸರು ಕೊಡಗಳ ಪಕ್ಕ ಕೂತ ಚಿತ್ರ. ಮುಖಗಳಿದ್ದವು, ಕಣ್ಣುಗಳಿರಲಿಲ್ಲ. ಬಟ್ಟೆ ಒಂದು ಮೂಲೆಯಲ್ಲಿ ಸಡಿಲವಾಗಿತ್ತು. ಅದನ್ನು ಬಿಗಿ ಮಾಡಲು ನಾನು ಹಿಂದಿನ ಮರದ ಚೌಕಟ್ಟಿನಿಂದ ಬಿಚ್ಚಿದೆ. ಹಳೆಯ ಚಿತ್ರಗಳ ಬಟ್ಟೆ ಹಿಂಬದಿಯಲ್ಲಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಗಾಳಿ, ಧೂಳು, ಹೊಗೆ ತಾಗಿ ಹಾಗಾಗುವುದು. ಆದರೆ ಮರದ ಪಟ್ಟಿ ಮುಚ್ಚಿಕೊಂಡ ಜಾಗದಲ್ಲಿ ಬಟ್ಟೆ ಬೆಳ್ಳಗೇ ಉಳಿದಿರುತ್ತದೆ. ಬಳೆ ತೆಗೆದ ಕೈಯ ಹಾಗೆ. ಈ ಬಟ್ಟೆ ಮರದ ಕೆಳಗೂ ಅಷ್ಟೇ ಕಂದಾಗಿತ್ತು. ಮೂಗಿನ ಹತ್ತಿರ ಹಿಡಿದೆ. ಚಹಾದ ವಾಸನೆ. ಯಾರೋ ಬಟ್ಟೆಯನ್ನು ಚಹಾದಲ್ಲಿ ಅದ್ದಿ, ಒಣಗಿಸಿ, ಆಮೇಲೆ ಚೌಕಟ್ಟಿಗೆ ಹೊಡೆದಿದ್ದರು.

ಡೆಕೊರೇಟರನಿಗೆ ಫೋನು ಮಾಡಿದೆ.

"ಇದು ಅರವತ್ತು ವರ್ಷದ್ದಲ್ರಿ. ಬಟ್ಟಿಗೆ ಚಾ ಕುಡಿಸ್ಯಾರ," ಅಂದೆ.

ಅವನು ನಕ್ಕ. "ಅಕ್ಕಾ, ಸುತ್ತ ಪಟ್ಟಿ, ಹಿಂದ ಹಲಗಿ, ಅದು ನಿಮ್ಮ ಕೆಲಸ. ನಡುವಿಂದು ನನಗ ಬಿಡ್ರಿ. ಹೋಟ್ಲಿಂದು ಮೂವತ್ತು ಫ್ರೇಮು ಐತಿ, ಮುಂದಿನ ವಾರ ಕಳಸ್ತೀನಿ. ಸರೇನಾ?"

ನಾನು ಸರಿ ಅಂದೆ. ಬಟ್ಟೆಯನ್ನು ಬಿಗಿದು, ಕಟ್ಟು ಹಾಕಿ, ಹಿಂಬದಿಗೆ ಖಾಕಿ ಕಾಗದ ಅಂಟಿಸಿದೆ. ಅಂಟು ಒಣಗಿದ ಮೇಲೆ ಏನೂ ಕಾಣದಂತಾಯಿತು.

ಚಿತ್ರ ತೂಗುಹಾಕಲು ನಾನೇ ಸಿರುಗುಪ್ಪಕ್ಕೆ ಹೋದೆ. ದೊಡ್ಡ ಚಿತ್ರಗಳನ್ನು ಬೇರೆಯವರ ಕೈಗೆ ಕೊಡುವುದಿಲ್ಲ, ಭಾರ ಸರಿಯಾಗಿ ಕೂರದಿದ್ದರೆ ಬೀಳುತ್ತವೆ. ಸಾಹುಕಾರರ ಹೆಂಡತಿ ಸೆರಗಿನಲ್ಲಿ ಕೈ ಒರೆಸುತ್ತ ಅಡುಗೆಮನೆಯಿಂದ ಬಂದು ನೋಡಿದರು.

"ಕಣ್ಣ ಬರದಿಲ್ಲಲ್ರಿ, ಅರ್ಧಕ್ಕ ಬಿಟ್ಟಾರೇನು?"

"ಅದು ಹಂಗ ಇರಾದು. ನಿನಗ ತಿಳಿಯಂಗಿಲ್ಲ ಸುಮ್ಕಿರು," ಎಂದು ಸಾಹುಕಾರರು ಅವರನ್ನು ಸುಮ್ಮನಾಗಿಸಿ, ನನ್ನ ಕಡೆ ತಿರುಗಿದರು. "ನೀವು ಹೇಳ್ರಿ ಅಕ್ಕಾರ, ಹೆಂಗೈತಿ?"

ಹೇಳುವುದಿದ್ದರೆ ಅದೇ ಸಮಯ. ಅವರು ಕೇಳಿದ್ದರು, ನನಗೆ ಗೊತ್ತಿತ್ತು.

"ಕಟ್ಟು ಚಲೋ ಕುಂತೈತ್ರಿ," ಅಂದೆ.

ಆ ಬಗ್ಗೆ ಆಮೇಲೆ ನನಗೆ ನಿದ್ದೆ ಬರಲಿಲ್ಲ ಎಂದೇನೂ ಬರೆಯಲಾರೆ. ಬಂತು. ಮೂವತ್ತು ಫ್ರೇಮಿನ ಕೆಲಸವೂ ಬಂತು. ತಿಂಗಳಿಗೊಮ್ಮೆಯೋ ಎರಡು ಸಲವೋ ಸಿರುಗುಪ್ಪದ ಬಸ್ಸಿನ ಬೋರ್ಡು ಕಂಡಾಗ ನೆನಪಾಗುತ್ತಿತ್ತು, ಅಷ್ಟೆ.

ಎರಡು ವರ್ಷ ಕಳೆದ ಮೇಲೆ ಸಾಹುಕಾರರು ಫೋನು ಮಾಡಿದರು. ಗಿರಣಿಗೆ ಕಪ್ಪು ಕಾಳು ಆರಿಸುವ ಯಂತ್ರ ತರಬೇಕಿತ್ತು. ಬ್ಯಾಂಕಿಗೆ ಹೋಗುವುದಕ್ಕಿಂತ ಚಿತ್ರ ಮಾರುವುದು ಸಲೀಸು ಅಂದುಕೊಂಡಿದ್ದರು. ಡೆಕೊರೇಟರನನ್ನು ಕೇಳಿದರೆ, ಈಗ ಮಾರುಕಟ್ಟೆ ಸರಿಯಿಲ್ಲ, ತಡೆಯಿರಿ ಅಂದನಂತೆ. ಹಾಗಾಗಿ ತಾವೇ ಬೆಂಗಳೂರಿಗೆ ಹೋಗಿ, ಚಿತ್ರಗಳ ಬೆಲೆ ಕಟ್ಟಿ ಹರಾಜಿಗೆ ಇಡುವವರ ಹತ್ತಿರ ತೋರಿಸುವುದೆಂದು ಗೊತ್ತು ಮಾಡಿದ್ದರು. ಚಿತ್ರ ಕಟ್ಟಿ ಒಯ್ಯಲು, ಅಲ್ಲಿ ಬಿಚ್ಚಿ ತೋರಿಸಲು ನಾನು ಬರಬೇಕು. ಹೆಂಡತಿಯೂ ಬರುತ್ತಾರೆ, ಅವರಿಗೆ ಬೆಂಗಳೂರಿನಲ್ಲಿ ಸೀರೆ ಕೊಳ್ಳುವುದಿದೆ. ಬರುವುದಿಲ್ಲ ಎನ್ನಲು ನನಗೆ ಯಾವ ಕಾರಣವೂ ತೋಚಲಿಲ್ಲ.

ಅಲ್ಲಿ ನಮ್ಮ ಚಿತ್ರ ನೋಡಿದ ಹೆಂಗಸು ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಮುಂದಿನ ಭಾಗವನ್ನು ಅರ್ಧ ನಿಮಿಷ ನೋಡಿದಳು. ಆಮೇಲೆ ನನ್ನ ಖಾಕಿ ಕಾಗದವನ್ನು ಬ್ಲೇಡಿನಿಂದ ಸೀಳಿ, ಬಟ್ಟೆಯ ಒಂದು ಅಂಚನ್ನು ಎತ್ತಿದಳು. ಅದನ್ನು ಬಿಟ್ಟು, ಕೈಗವಸು ತೆಗೆದಳು.

"ಸರ್, ಇದರ ಜೊತೆ ಕಾಗದಪತ್ರ ಏನಿದೆ?"

ಸಾಹುಕಾರರು ಡೆಕೊರೇಟರ್ ಕೊಟ್ಟ ಬಿಲ್ಲು ತೆಗೆದುಕೊಟ್ಟರು. ಅದರಲ್ಲಿ ಬರೆದದ್ದನ್ನು ಅವಳು ಗಟ್ಟಿಯಾಗಿ ಓದಿದಳು. "ಅಲಂಕಾರಿಕ ಚಿತ್ರ, ಒಂದು." ಕಲಾವಿದರ ಹೆಸರಿರಲಿಲ್ಲ, ವರ್ಷವಿರಲಿಲ್ಲ.

"ಇದು ಹೊಸದು ಸರ್. ಹಳೆಯದರ ಹಾಗೆ ಕಾಣೋಕೆ ಮಾಡಿದ್ದಾರೆ. ಮಾರಿದವರು ಬಾಯಲ್ಲಿ ಏನೇ ಹೇಳಿರಲಿ, ಬಿಲ್ಲಲ್ಲಿ ಬರೆದಿಲ್ಲ."

ಸಾಹುಕಾರರ ಮುಖ ಏನೂ ಬದಲಾಗಲಿಲ್ಲ. ವ್ಯಾಪಾರದಲ್ಲಿ ಕೆಟ್ಟ ಸುದ್ದಿ ಕೇಳಿ ರೂಢಿಯಿದ್ದವರು. "ಹಂಗಾದ್ರ ನಾನು ಏನು ಕೇಳ್ಬೇಕಿತ್ರಿ ಕೊಳ್ಳುವಾಗ?" ಎಂದರು.

ಅವಳಿಗೆ ಆ ಪ್ರಶ್ನೆ ಹಿಡಿಸಿತೆಂದು ಕಾಣುತ್ತದೆ. ಕೂರಿಸಿ ಹೇಳಿದಳು. ಕಲಾವಿದರ ಕೈಯಿಂದ ನಿಮ್ಮ ಕೈಗೆ ಬರುವವರೆಗೆ ಚಿತ್ರ ಯಾರ ಯಾರ ಹತ್ತಿರ ಇತ್ತು ಅನ್ನುವುದು ಗೊತ್ತಿರಬೇಕು. ಎಲ್ಲಾದರೂ ಪ್ರದರ್ಶನಕ್ಕೆ ಇಟ್ಟಿದ್ದರೆ ಅದರ ಕಾಗದ, ಹಳೆಯ ಫೋಟೊ, ಕಲಾವಿದರ ಒಂದು ಪತ್ರ, ಯಾವುದಾದರೂ ಇರಬೇಕು. ಬಿಲ್ಲಿನಲ್ಲಿ ಹೆಸರು ಇರಲೇಬೇಕು. ಆ ಕಲಾವಿದರ ಬೇರೆ ಚಿತ್ರಗಳನ್ನು ಕಣ್ಣಾರೆ ನೋಡಿರಬೇಕು. "ಇಷ್ಟೆಲ್ಲ ಇದ್ದರೂ, ಮಾರೋಕೆ ಹೊರಟ ದಿನ ಕೊಳ್ಳೋರು ಸಿಗ್ತಾರೆ ಅಂತ ಇಲ್ಲ ಸರ್. ತಿಂಗಳುಗಟ್ಟಲೆ ಕಾಯ್ಬೇಕು. ಸಿಕ್ಕರೂ ಮಾರಿಕೊಟ್ಟೋರ ಕಮಿಷನ್ ಹೋಗುತ್ತೆ. ಮುಂದಿನ ವರ್ಷ ಯಂತ್ರ ತಗೊಳ್ಳೋ ದುಡ್ಡನ್ನ ಗೋಡೆಗೆ ಹಾಕ್ಬೇಡಿ."

ಹೊರಡುವಾಗ ಅವಳು ಕಟ್ಟನ್ನು ಮುಟ್ಟಿ ನೋಡಿ, "ಕೆಲಸ ಚೆನ್ನಾಗಿದೆ. ಯಾರು ಹಾಕಿದ್ದು?" ಎಂದು ಕೇಳಿದಳು. ಸಾಹುಕಾರರು ನನ್ನನ್ನು ತೋರಿಸಿದರು. ಅವಳು ಸೀಳಿದ ಖಾಕಿ ಕಾಗದವನ್ನೂ ನನ್ನನ್ನೂ ನೋಡಿದಳು. ಸಾಹುಕಾರರಿಗೂ ಆ ನೋಟ ಕಂಡಿರಬೇಕು.

ವಾಪಸು ಬರುವಾಗ ಚಳ್ಳಕೆರೆ ದಾಟಿ ಒಂದು ಚಹಾದಂಗಡಿಯ ಹತ್ತಿರ ಕಾರು ನಿಲ್ಲಿಸಿದರು. ಮಧ್ಯಾಹ್ನದ ಬಿಸಿಲು. ಮೂವರೂ ಬೇವಿನ ಮರದ ಕೆಳಗೆ ನಿಂತಿದ್ದೆವು.

"ಸಾವ್ಕಾರ್ರ, ನನಗ ಆವತ್ತೇ ಗೊತ್ತಿತ್ರಿ," ಅಂದೆ.

ಅವರು ಲೋಟದಿಂದ ತಲೆಯೆತ್ತಲಿಲ್ಲ. ಮಾತಾಡಿದ್ದು ಅವರ ಹೆಂಡತಿ. "ಆವತ್ತ ಹೇಳಿದ್ರ ನಿಮಗೇನಾಗ್ತಿತ್ತು?"

"ಮೂವತ್ತು ಫ್ರೇಮಿನ ಕೆಲಸ ಹೋಗ್ತಿತ್ರಿ."

"ಅಷ್ಟ ಏನು?"

"ಅಷ್ಟ್ರಿ."

ಅವರು ಹೌದೆನ್ನುವಂತೆ ತಲೆಯಾಡಿಸಿ ಕಾರಿನಲ್ಲಿ ಹೋಗಿ ಕೂತರು. ಬಳ್ಳಾರಿಯಲ್ಲಿ ನನ್ನನ್ನು ಮನೆಯ ಮುಂದೆ ಇಳಿಸಿ, ಸಾಹುಕಾರರು "ಬರ್ತೀವ್ರಿ" ಎಂದಷ್ಟೇ ಹೇಳಿ ಹೊರಟರು.

ಅವರು ಡೆಕೊರೇಟರನ ಹತ್ತಿರ ಹೋಗಿ ಜಗಳ ಮಾಡಿದರೆಂದು ಆಮೇಲೆ ತಿಳಿಯಿತು. ಅವನು ಬಿಲ್ಲು ತೋರಿಸಿದನಂತೆ. ನಾನು ಬೆಂಗಳೂರಿಗೆ ಹೋಗಿದ್ದೂ, ಮೊದಲೇ ಗೊತ್ತಿತ್ತೆಂದು ಒಪ್ಪಿಕೊಂಡದ್ದೂ ಅವನಿಗೆ ಗೊತ್ತಾಗಲು ಕಷ್ಟವೇನಿರಲಿಲ್ಲ. ನನಗೆ ಕೆಲಸ ಕಳಿಸುವುದನ್ನು ನಿಲ್ಲಿಸಿದ. ಹೇಳದೇ ಉಳಿಸಿಕೊಂಡಿದ್ದೂ ಹೋಯಿತು, ಹೇಳಿದ್ದರಿಂದ ಬಂದದ್ದೂ ಏನಿಲ್ಲ. ಎಂಟು ತಿಂಗಳು ದೇವರ ಪಟಗಳಲ್ಲೇ ದಿನ ತಳ್ಳಿದೆ.

ಎಂಟು ತಿಂಗಳ ಮೇಲೆ, ಭತ್ತದ ಸುಗ್ಗಿಯ ಗಡಿಬಿಡಿ ಮುಗಿದಾಗ, ಸಾಹುಕಾರರ ಕಾರು ಅಂಗಡಿಯ ಮುಂದೆ ನಿಂತಿತು. ಆ ಚಿತ್ರವನ್ನು ಒಂದು ಹಾಸಿಗೆ ಹೊದಿಕೆಯಲ್ಲಿ ಸುತ್ತಿ ತಂದಿದ್ದರು.

"ನಿಮ್ಮ ಮ್ಯಾಲ ನನಗ ಸಿಟ್ಟೈತಿ. ಮೊದಲ ಹೇಳಿಬಿಡ್ತೀನಿ," ಎಂದರು.

"ಇರ್ಲಿ ಸಾವ್ಕಾರ್ರ. ಕುಂದರ್ರಿ."

"ತೆಕ್ಕಲಕೋಟ್ಯಾಗ ನಮ್ಮ ಬೀಗರದಾರ. ಈ ಚಿತ್ರ ಕೊಡ್ರಿ, ನೀವು ಕೊಟ್ಟಷ್ಟ ಕೊಡ್ತೀವಿ ಅಂತ ಕೇಳ್ಯಾರ. ಕೊಟ್ಟಬಿಟ್ರ ನನ್ನ ದುಡ್ಡು ನನಗ ಬರ್ತೈತಿ. ಮೂರು ದಿನ ವಿಚಾರ ಮಾಡಿದೆ." ಚಿತ್ರವನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಇದರ ಹಿಂದ ಬರೀರಿ. ಇದು ನಕಲು, ಹಳೇದಲ್ಲ ಅಂತ. ಅಳಿಸಾಕ ಬರಬಾರ್ದು, ಹಂಗ ಬರೀರಿ."

ನಾನು ಕಪ್ಪು ಬಣ್ಣದಲ್ಲಿ ಬಟ್ಟೆಯ ಮೇಲೆಯೇ ಬರೆದೆ. ಅವರು ಸಹಿ ಹಾಕಿದರು, ನನಗೂ ಹಾಕಲು ಹೇಳಿದರು. ಬಣ್ಣ ಒಣಗುವವರೆಗೆ ಇಬ್ಬರೂ ಕಾದು ಕೂತೆವು. ಎದುರಿನ ಬಂಡಿಯಿಂದ ಒಗ್ಗರಣೆ ಹಾಕಿದ ಮಂಡಕ್ಕಿ, ಮಿರ್ಚಿ ತರಿಸಿದೆ. ತಿನ್ನುತ್ತ ಅವರು ಬಂದ ಎರಡನೆಯ ಕೆಲಸ ಹೇಳಿದರು. ಅವರಿಗೆ ಇನ್ನೂ ಚಿತ್ರ ಕೊಳ್ಳುವುದಿತ್ತು.

"ಒಮ್ಮೆ ಮೋಸ ಹೋದೆ ಅಂತ ಭತ್ತ ಕೊಳ್ಳಾದು ಬಿಡ್ತೀನೇನ್ರಿ? ಈ ಸಲ ನೋಡಿ ಕೊಳ್ತೀನಿ. ಬಿಚ್ಚಿ ನೋಡಾಕ ಬರೋರು ನನಗ ಗೊತ್ತಿರೋದು ನೀವೊಬ್ರ. ಈಗ ನಿಮಗೂ ಬ್ಯಾರೆ ಕೆಲಸ ಇಲ್ಲ, ಕೇಳೀನಿ."

ಒಂದು ವರ್ಷ ಏನೂ ಕೊಳ್ಳುವುದಿಲ್ಲ, ಬರೀ ನೋಡುವುದು ಎಂದು ಮಾತಾಯಿತು. ಬಳ್ಳಾರಿಯಲ್ಲಿ ಚಿತ್ರಕಲೆ ಕಲಿಯುವ ವಿದ್ಯಾರ್ಥಿಗಳ ಪ್ರದರ್ಶನಕ್ಕೆ ಹೋದೆವು. ಅಂಗಡಿಗೆ ಬಂದದ್ದನ್ನೆಲ್ಲ ನನ್ನ ಭೂತಗನ್ನಡಿಯಲ್ಲಿ ನೋಡಿದೆವು. ಯಂತ್ರದಲ್ಲಿ ಅಚ್ಚಾದದ್ದರಲ್ಲಿ ಸಣ್ಣ ಸಣ್ಣ ಚುಕ್ಕಿ ಕಾಣುತ್ತದೆ, ಕೈಯಲ್ಲಿ ಬರೆದದ್ದರಲ್ಲಿ ಬಣ್ಣ ಒಂದರ ಮೇಲೊಂದು ಕೂತಿರುತ್ತದೆ. ಇದನ್ನು ನಾನು ಒಮ್ಮೆ ತೋರಿಸಿದೆ, ಅವರು ಮತ್ತೆ ಕೇಳಲಿಲ್ಲ. ಅಂಗೈಯಲ್ಲಿ ಹತ್ತು ಕಾಳು ಹಾಕಿಕೊಂಡು ಅಕ್ಕಿಯ ಜಾತಕ ಹೇಳುವ ಮನುಷ್ಯ. ಅದೇ ನಿಧಾನದಿಂದ ಚಿತ್ರವನ್ನೂ ನೋಡಲು ಕಲಿತರು. ನನಗೇ ಕಾಣದ್ದು ಕೆಲವೊಮ್ಮೆ ಅವರಿಗೆ ಕಾಣುತ್ತಿತ್ತು. ಇಷ್ಟು ವರ್ಷ ಚಿತ್ರಗಳ ಅಂಚನ್ನು ಮಾತ್ರ ನೋಡುತ್ತ ಬಂದಿದ್ದೇನೆ ಎಂದು ನನಗೆ ತಿಳಿದದ್ದು ಆ ವರ್ಷ.

ಅದೇ ವರ್ಷ ಕುರುಗೋಡಿನಿಂದ ಒಬ್ಬರು ಶಾಲೆಯ ಟೀಚರ್ ಬಂದರು. ನಲವತ್ತೈದರ ಆಸುಪಾಸಿನ ಹೆಂಗಸು, ಬಸ್ಸಿನಲ್ಲಿ ಬಂದಿದ್ದರು. ಅವರ ತಂದೆ ಬರೆದ ಒಂದು ಜಲವರ್ಣದ ಕಟ್ಟನ್ನು ಗೆದ್ದಲು ತಿಂದಿತ್ತು, ಹೊಸದು ಹಾಕಬೇಕಿತ್ತು. ತಂದೆ ಡ್ರಾಯಿಂಗ್ ಮಾಸ್ತರು. ಕುರುಗೋಡಿನಲ್ಲೂ ಸಿರುಗುಪ್ಪದ ಕಡೆಯ ಶಾಲೆಗಳಲ್ಲೂ ಮೂವತ್ತು ವರ್ಷ ಕೆಲಸ ಮಾಡಿ, ನಿವೃತ್ತಿಯಾಗಿ, ತೀರಿಕೊಂಡಿದ್ದರು. ನಾನು ಹಾಳೆಯನ್ನು ಬಿಚ್ಚಿದೆ. ಕುರುಗೋಡಿನ ಗುಡ್ಡದ ಬಂಡೆಗಳು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಸಣ್ಣ ಅಕ್ಷರ: ಊರು, ತಾರೀಕು, ಹೊತ್ತು. ಅದರ ಕೆಳಗೆ, "ಬಂಡೆ ಪರವಾಗಿಲ್ಲ. ಆಕಾಶ ಕೆಟ್ಟಿತು."

"ಇಂಥವು ಇನ್ನೂ ಅದಾವೇನ್ರಿ?" ಎಂದು ಕೇಳಿದೆ.

"ಒಂದು ಟ್ರಂಕ್ ತುಂಬ ಅದಾವ್ರಿ. ಅಟ್ಟದ ಮ್ಯಾಲ. ಗೆದ್ಲು ಅಲ್ಲಿಗೂ ಬಂದೈತಿ."

ಅವರ ಒಪ್ಪಿಗೆ ಕೇಳಿ, ಮುಂದಿನ ಭಾನುವಾರ ಸಾಹುಕಾರರನ್ನು ಕರೆದುಕೊಂಡು ಕುರುಗೋಡಿಗೆ ಹೋದೆ. ಗುಡ್ಡದ ಬುಡದಲ್ಲಿ ಕಲ್ಲುಚಪ್ಪಡಿಯ ಹಳೆಯ ಮನೆ. ಟೀಚರ್ ಟ್ರಂಕನ್ನು ಮೊದಲೇ ಇಳಿಸಿ ಹಜಾರದಲ್ಲಿ ಚಾಪೆಯ ಮೇಲೆ ಇಟ್ಟಿದ್ದರು. ಒಂದೊಂದೇ ಹಾಳೆ ತೆಗೆದು ನೋಡಿದೆವು. ಗುಡ್ಡ, ಕಾಲುವೆ, ರಾರಾವಿಯ ಹತ್ತಿರದ ನದಿಯ ದಂಡೆ, ಸಿರುಗುಪ್ಪದ ನೀರು ನಿಂತ ಗದ್ದೆ, ಖಾಲಿ ತರಗತಿಯ ಬೆಂಚು. ಎಲ್ಲದರ ಹಿಂದೆಯೂ ತಾರೀಕು, ಹೊತ್ತು, ತಮ್ಮದೇ ತಪ್ಪುಗಳ ಲೆಕ್ಕ. "ನೀರು ಹೆಚ್ಚಾಯಿತು." "ಹಸಿರು ಸುಳ್ಳು." "ಇದು ಸರಿ." ಹಳೆಯವು ಎಳಸು. ಹತ್ತು ವರ್ಷ ಕಳೆದ ಮೇಲೆ ಬರೆದವುಗಳಲ್ಲಿ ಕೈ ಪಳಗಿತ್ತು. ಕೊನೆಯ ವರ್ಷಗಳವು ಬಹಳ ಕಡಿಮೆ ಬಣ್ಣದಲ್ಲಿ ಬರೆದವು, ಆದರೆ ಕಣ್ಣು ಅವುಗಳ ಮೇಲೇ ನಿಲ್ಲುತ್ತಿತ್ತು. ಒಬ್ಬ ಮನುಷ್ಯ ಮೂವತ್ತು ವರ್ಷ ಒಂದೇ ಕೆಲಸವನ್ನು ತಿದ್ದಿಕೊಳ್ಳುತ್ತ ಹೋದದ್ದು ಆ ಟ್ರಂಕಿನಲ್ಲಿ ಸಾಲಾಗಿ ಇತ್ತು.

ಎರಡು ತಾಸಿನ ಮೇಲೆ ಸಾಹುಕಾರರು ಮಂಡಿಯ ಮೇಲೆ ಕೈಯೂರಿ ಎದ್ದರು.

"ಮೇಡಂ, ಬಿಡಿ ಬಿಡಿ ಬ್ಯಾಡ. ಟ್ರಂಕ್ ಸಮೇತ ಎಲ್ಲಾ ನನಗ ಕೊಡ್ರಿ. ಒಂದ ರೇಟು ಹೇಳ್ರಿ, ಈಗ ಕೊಡ್ತೀನಿ."

ಟೀಚರ್ ತಡವರಿಸಿದರು. "ಗೆದ್ಲಿಗೆ ಹೋಗಾದ್ರಾಗ ಒಯ್ದುಬಿಡ್ರಿ ಸರ. ನನಗೇನು ರೇಟು ಗೊತ್ತೈತಿ? ನೀವ ಹೇಳ್ರಿ."

ಸಾಹುಕಾರರು ಒಂದು ಮೊತ್ತ ಹೇಳಿದರು. ಟೀಚರ ಮುಖ ನೋಡಿದರೆ ಅದು ಅವರು ಎಣಿಸಿದ್ದಕ್ಕಿಂತ ದೊಡ್ಡದು. ಹಾಳೆಗಳ ಮೇಲೆ ಹಂಚಿದರೆ ಒಂದೊಂದಕ್ಕೆ ಕಟ್ಟು ಹಾಕಲು ನಾನು ತಗೊಳ್ಳುವಷ್ಟೂ ಬೀಳುತ್ತಿರಲಿಲ್ಲ. ಅವರು ಹೂಂ ಅನ್ನಲು ಬಾಯಿ ತೆರೆದಿದ್ದರು.

"ಕೊಡಬ್ಯಾಡ್ರಿ," ಅಂದೆ.

ಇಬ್ಬರೂ ನನ್ನ ಕಡೆ ತಿರುಗಿದರು.

"ಮೊದಲ ಪಟ್ಟಿ ಮಾಡ್ರಿ. ಎಷ್ಟದಾವು, ಯಾವುದು ಯಾವ ವರ್ಷದ್ದು, ನಂಬರ್ ಹಾಕ್ರಿ. ಫೋಟೊ ತಗೀರಿ. ಒಂದಿಷ್ಟು ಮನ್ಯಾಗ ಇಟ್ಕಂಡು ಉಳಿದವು ನಾಕ್ ಮಂದಿಗೆ ತೋರ್ಸ್ರಿ. ಆಮ್ಯಾಲ ರೇಟು." ಸಾಹುಕಾರರ ಕಡೆ ನೋಡಿ ಹೇಳಿದೆ, "ನಿಮಗೂ ಅದ ಚಲೋ ಸಾವ್ಕಾರ್ರ. ಈ ಮಾಸ್ತರ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲಾ ಒಯ್ದು ನಿಮ್ಮ ಮನ್ಯಾಗ ಮುಚ್ಚಿಟ್ರ ನಾಳೆ ಯಾರು ಕೊಳ್ತಾರ?"

"ನೀವು ಯಾರ ಕಡಿ ಅದೀರಿ?" ಎಂದು ಕೇಳಿದರು ಸಾಹುಕಾರರು. ಕಿವಿ ಕೆಂಪಾಗಿದ್ದವು.

"ಆವತ್ತು ನೀವು ಕೇಳಿದಾಗ ಸುಮ್ಕಿದ್ದೆ. ಇವತ್ತು ಇವ್ರ ಮುಂದ ಹೆಂಗ ಸುಮ್ಕಿರ್ಲಿ?"

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಕಾರಿನಲ್ಲಿ ಕೂತರು. ಬಿಟ್ಟು ಹೋಗುತ್ತಾರೆ, ನಾನು ಬಸ್ಸಿಗೆ ಕಾಯಬೇಕು ಅಂದುಕೊಂಡೆ. ಟೀಚರ್ ಗಾಬರಿಯಾಗಿ ಹಾಳೆಗಳನ್ನು ಮತ್ತೆ ಟ್ರಂಕಿಗೆ ಜೋಡಿಸುತ್ತಿದ್ದರು. ಕಾಲು ತಾಸಿನ ಮೇಲೆ ಸಾಹುಕಾರರು ಬಾಗಿಲಲ್ಲಿ ಕಾಣಿಸಿಕೊಂಡರು.

"ಪಟ್ಟಿ ಮಾಡಾಕ ಎಷ್ಟು ದಿನ ಬೇಕು?"

ನಾಲ್ಕು ತಿಂಗಳು ಬೇಕಾಯಿತು. ಭಾನುವಾರ ಭಾನುವಾರ ನಾನು ಕುರುಗೋಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಪ್ರತಿ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ನಂಬರು, ಕಿಟಕಿಯ ಬೆಳಕಿನಲ್ಲಿ ಎದುರಿಂದ ಒಂದು ಫೋಟೊ, ಹಿಂಬದಿಯ ಬರಹದ್ದೊಂದು, ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಹಾಳೆ ಹಾಳೆಯ ನಡುವೆ ತೆಳ್ಳನೆಯ ಕಾಗದ ಇಟ್ಟೆವು. ಟ್ರಂಕನ್ನು ಗೋಡೆಯಿಂದ ಸರಿಸಿ ಮಂಚದ ಮೇಲಿಟ್ಟೆವು. ಟೀಚರ್ ಮೊದಮೊದಲು ತಂದೆಯ ಅಕ್ಷರ ಓದುವಾಗ ನಿಲ್ಲುತ್ತಿದ್ದರು. ಆಮೇಲೆ ಕೆಲಸ ರೂಢಿಯಾಗಿ ಬೇಗ ಬೇಗ ಓದಿದರು. ಒಮ್ಮೆ ಮಾತ್ರ ನಕ್ಕರು. ಒಂದು ಚಿತ್ರದ ಹಿಂದೆ, "ಮಗಳು ಕುಂಚ ತೊಳೆದ ನೀರು ಚೆಲ್ಲಿದಳು. ಚಿತ್ರ ಸುಧಾರಿಸಿತು" ಎಂದಿತ್ತು. ಅದನ್ನು ಮಾರುವುದಿಲ್ಲ ಎಂದು ತೆಗೆದಿಟ್ಟರು.

ಪ್ರದರ್ಶನಕ್ಕೆ ಬಳ್ಳಾರಿಯಲ್ಲಿ ಒಂದು ಸಣ್ಣ ಸಭಾಂಗಣ ಹಿಡಿದೆವು. ಬಾಡಿಗೆ ಸಾಹುಕಾರರದು, ಕಟ್ಟು ನನ್ನದು. ಬೆಲೆ ಟೀಚರ್ ಇಟ್ಟದ್ದು. ಸಣ್ಣದಕ್ಕೆ ಒಂದು, ದೊಡ್ಡದಕ್ಕೆ ಒಂದು, ಯಾರಿಗೂ ರಿಯಾಯಿತಿಯಿಲ್ಲ. ಮೂರು ದಿನ. ಮೊದಲ ದಿನ ಬಂದವರು ಬೆರಳೆಣಿಕೆಯಷ್ಟು. ಎರಡನೆಯ ದಿನ ಮಾಸ್ತರ ಹಳೆಯ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಹೇಳಿಕೊಂಡು ಬಂದರು. ಅವರಲ್ಲಿ ಬಸ್ ಕಂಡಕ್ಟರೊಬ್ಬ ಡ್ಯೂಟಿಯ ಬಟ್ಟೆಯಲ್ಲೇ ಬಂದು, ಖಾಲಿ ಬೆಂಚಿನ ಚಿತ್ರದ ಮುಂದೆ ನಿಂತು, "ಇದು ನಮ್ಮ ಕ್ಲಾಸು" ಎಂದ. ಕೊಳ್ಳಲಿಲ್ಲ. ಹೊರಟವನು ವಾಪಸು ಬಂದು ಮತ್ತೆ ನೋಡಿ ಹೋದ.

ಡೆಕೊರೇಟರನೂ ಬಂದ. ಏನೂ ಆಗಿಲ್ಲವೆಂಬಂತೆ ನಮಸ್ಕಾರ ಮಾಡಿ, ಎರಡು ಚಿತ್ರ ಕೊಂಡ. ಟೀಚರ್ ಬಿಲ್ಲಿನಲ್ಲಿ ತಂದೆಯ ಹೆಸರು, ಚಿತ್ರದ ನಂಬರು, ವರ್ಷ ಎಲ್ಲಾ ಬರೆದು ಕೊಟ್ಟರು. ಅವನು ಅದನ್ನು ಓದಿ, ಮಡಚಿ ಜೇಬಿಗಿಟ್ಟುಕೊಂಡ. ಮರುವಾರದಿಂದ ಅವನ ಫ್ರೇಮಿನ ಕೆಲಸ ನನಗೆ ಮತ್ತೆ ಬರತೊಡಗಿತು. ಹಾಕಿಕೊಟ್ಟೆ. ಬೇಡ ಎನ್ನುವಷ್ಟು ಗಟ್ಟಿಯವಳಲ್ಲ ನಾನು. ಆದರೆ ಬಿಚ್ಚಿದಾಗ ಕಂಡದ್ದನ್ನು ಕೊಳ್ಳುವವರಿಗೆ ಹೇಳುತ್ತೇನೆ ಎಂದು ಮೊದಲೇ ಹೇಳಿದೆ. "ಪರವಾಲೇದು ಅಕ್ಕಾ," ಅಂದ.

ಸಾಹುಕಾರರು ಆ ಪ್ರದರ್ಶನದಲ್ಲಿ ಮೂರು ಚಿತ್ರ ಕೊಂಡರು, ಎಲ್ಲರಿಗೂ ಇದ್ದ ಬೆಲೆಗೇ. ನಾನೂ ಒಂದು ಕೊಂಡೆ. ರಾರಾವಿಯ ಕಡೆಯ ನದಿಯ ದಂಡೆ, ಬೇಸಿಗೆಯಲ್ಲಿ, ನೀರು ಒಂದು ಗೆರೆಯಷ್ಟು. ಹಿಂದೆ "ಇದು ಸರಿ" ಎಂದು ಬರೆದ ಕೆಲವೇ ಹಾಳೆಗಳಲ್ಲಿ ಒಂದು. ನನ್ನ ಕೈಯಲ್ಲಿ ಹಾದುಹೋದ ನೂರಾರು ಚಿತ್ರಗಳಲ್ಲಿ ನಾನು ದುಡ್ಡು ಕೊಟ್ಟು ಕೊಂಡದ್ದು ಅದೇ ಮೊದಲು. ಬಿಸಿಲು ಬೀಳದ ಗೋಡೆ ಹುಡುಕಿ ಹಾಕಿದ್ದೇನೆ.

ಮೂರು ವರ್ಷದ ಮೇಲೆ ಸಾಹುಕಾರರು ತಮ್ಮ ಮೂರರಲ್ಲಿ ಒಂದನ್ನು ಮಾರಿದರು. ಮಾಸ್ತರ ಹೆಸರು ಅಷ್ಟರಲ್ಲಿ ಸ್ವಲ್ಪ ಓಡಾಡಿತ್ತು. ಬೆಂಗಳೂರಿನ ಅದೇ ಹೆಂಗಸು ಪಟ್ಟಿಯನ್ನೂ ಫೋಟೊಗಳನ್ನೂ ನೋಡಿ, ಕೊಳ್ಳುವವರೊಬ್ಬರನ್ನು ಹುಡುಕಿಕೊಟ್ಟಿದ್ದಳು. ಅದಕ್ಕೆ ಏಳು ತಿಂಗಳು ಹಿಡಿಯಿತು. ಕಮಿಷನ್, ಕಟ್ಟು, ಸಾಗಾಟ ಎಲ್ಲಾ ಕಳೆದು ಕೈಗೆ ಬಂದದ್ದನ್ನು ಸಾಹುಕಾರರು ಲೆಕ್ಕ ಹಾಕಿ ನೋಡಿದರು.

"ಬ್ಯಾಂಕಿನಾಗ ಇಟ್ಟಿದ್ರೂ ಹೆಚ್ಚುಕಡಿಮಿ ಇಷ್ಟ ಬರ್ತಿತ್ತು," ಎಂದರು. ಬೇಜಾರಿನಿಂದಲ್ಲ, ತೂಕ ಓದಿ ಹೇಳುವ ಹಾಗೆ.

"ಪಾಸ್‌ಬುಕ್ ಗ್ವಾಡಿಗೆ ಹಾಕ್ಕಂಡು ಮೂರು ವರ್ಷ ನೋಡ್ತಿದ್ರೇನು?" ಎಂದರು ಅವರ ಹೆಂಡತಿ. ಮಾರಬಾರದಿತ್ತು ಎಂದು ಅವರಿಗೆ ಸಿಟ್ಟಿತ್ತು. ಉಳಿದ ಎರಡನ್ನೂ ತಮ್ಮ ಕೋಣೆಗೆ ಸಾಗಿಸಿಕೊಂಡಿದ್ದರು.

ಬಂದ ಲಾಭದಲ್ಲಿ ಟೀಚರಿಗೂ ಏನಾದರೂ ಸಲ್ಲಬೇಕು ಎಂದು ಸಾಹುಕಾರರಿಗೆ ಅನ್ನಿಸಿತು. ದುಡ್ಡು ಕೊಟ್ಟರೆ ಟೀಚರ್ ತಗೊಳ್ಳಲಿಲ್ಲ. ಗಿರಣಿಯಿಂದ ಎರಡು ಮೂಟೆ ಸೋನಾ ಮಸೂರಿ ಕಳಿಸಿದರು. ಅದನ್ನು ತಗೊಂಡರು.

ಈ ವರ್ಷ ನನಗೂ ಇನ್ನೊಂದು ಚಿತ್ರ ಕೊಳ್ಳುವ ಮನಸ್ಸಾಯಿತು. ಸ್ವಲ್ಪ ದುಡ್ಡು ಕೂಡಿಸಿಕೊಂಡು, ಒಂದು ಭಾನುವಾರ ಕುರುಗೋಡಿಗೆ ಹೋದೆ. ನೀರು ನಿಂತ ಗದ್ದೆಯ ಚಿತ್ರದ ಮೇಲೆ ನನ್ನ ಕಣ್ಣಿತ್ತು. ಟೀಚರ್ ಹಾಳೆ ತೆಗೆದು ಕಿಟಕಿಯ ಹತ್ತಿರ ಇಟ್ಟು, ನೋಟ್‌ಬುಕ್ಕು ನೋಡಿ ಬೆಲೆ ಹೇಳಿದರು. ನಾನು ತಂದದ್ದಕ್ಕಿಂತ ಎರಡರಷ್ಟಿತ್ತು.

"ನನಗೂ ಅಷ್ಟ ಏನ್ರಿ?" ಎಂದು ಕೇಳಿಯೇಬಿಟ್ಟೆ.

"ಒಬ್ಬೊಬ್ಬರಿಗೆ ಒಂದೊಂದು ರೇಟು ಹೇಳಿದ್ರ ಕೊಂಡೋರಿಗೆಲ್ಲಾ ಮೋಸ ಆಗ್ತೈತಲ್ರಿ ಅಕ್ಕಾರ," ಎಂದರು. ಹೇಳುವಾಗ ಅವರಿಗೂ ಸಂಕೋಚವಾಯಿತು, ಆದರೆ ಬೆಲೆ ಇಳಿಸಲಿಲ್ಲ.

ಹೌದು ಅಂದೆ. ಅವರು ಚಹಾ ಮಾಡಿಕೊಟ್ಟರು. ಕುಡಿದು, ಆ ಚಿತ್ರವನ್ನು ಇನ್ನೊಂದು ಸಲ ನೋಡಿ, ನಾಲ್ಕರ ಬಸ್ಸಿಗೆ ಬಳ್ಳಾರಿಗೆ ವಾಪಸು ಬಂದೆ.